ಬರಬಹುದಾದ ಕಾಯಿಲೆಯನ್ನು ಮೊದಲೇ ತಿಳಿದುಕೊಳ್ಳಬೇಕೇ? ತೀರ್ಮಾನಿಸುವವರಿಗೆ ಒಂದು ಕೈಪಿಡಿ

ಹೆಚ್ಚು ತಿಳಿದವರು ಹೆಚ್ಚು ನೆಮ್ಮದಿಯಿಂದ ಇರುತ್ತಾರೆಯೇ, ಅವರ ವಿವೇಕವೂ ಅಷ್ಟೇ ಬೆಳೆಯುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ತತ್ತ್ವಚಿಂತಕರಿಗೆ ಸೇರಿದ್ದಾಗಿತ್ತು. ಇಂದು ಅದು ಸಾಮಾನ್ಯ ಕುಟುಂಬಗಳೂ ಉತ್ತರಿಸಲೇಬೇಕಾದ ಪ್ರಶ್ನೆಯಾಗಿದೆ. ಸ್ವಲ್ಪ ರಕ್ತವನ್ನೋ ಎಂಜಲನ್ನೋ ಕೊಟ್ಟರೆ, ಇನ್ನು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಬರಬಹುದಾದ ಕಾಯಿಲೆಯ ಸುಳಿವನ್ನು ಈಗಲೇ ಹೇಳುವ ಪರೀಕ್ಷೆಗಳು ನಮ್ಮ ನಗರಗಳಲ್ಲಿ ದೊರೆಯುತ್ತಿವೆ. ತಾಯಿಯನ್ನು ಸ್ತನ ಕ್ಯಾನ್ಸರಿಗೆ ಕಳೆದುಕೊಂಡ ಮಗಳು, ಮರೆವಿನ ಕಾಯಿಲೆಯ ತಂದೆಯನ್ನು ಕೊನೆಯವರೆಗೆ ನೋಡಿಕೊಂಡ ಮಗ, ಸಂಬಂಧದಲ್ಲೇ ಮದುವೆ ನಿಶ್ಚಯವಾಗಿರುವ ಹುಡುಗ ಹುಡುಗಿ, ಯಾವ ತೊಂದರೆಯೂ ಇಲ್ಲದೆ ಕಂಪನಿಯವರು ಕೊಡಿಸಿದ ಮಾಸ್ಟರ್ ಹೆಲ್ತ್ ಚೆಕಪ್‌ಗೆ ಹೊರಟಿರುವ ನೌಕರ, ಇವರೆಲ್ಲರ ಮುಂದೆಯೂ ನಿಂತಿರುವುದು ತಿಳಿದುಕೊಳ್ಳುವುದೋ ಬಿಡುವುದೋ ಎಂಬ ಒಂದೇ ಪ್ರಶ್ನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈಗಾಗಲೇ ಲಕ್ಷಣಗಳು ಕಾಣಿಸಿಕೊಂಡಿರುವವರಿಗೆ ಈ ಬರಹ ಅನ್ವಯಿಸುವುದಿಲ್ಲ. ಸ್ತನದಲ್ಲಿ ಗಂಟು, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಮಲದಲ್ಲಿ ರಕ್ತ, ವಾರಗಟ್ಟಲೆ ಮಾಯದ ಬಾಯಿಹುಣ್ಣು ಇರುವವರು ತಿಳಿಯಬೇಕೇ ಬೇಡವೇ ಎಂದು ಯೋಚಿಸುತ್ತ ಕೂರಬಾರದು. ತಡಮಾಡದೆ ವೈದ್ಯರನ್ನು ಕಾಣಬೇಕು. ಇಲ್ಲಿ ಹೇಳುತ್ತಿರುವುದು, ಆರೋಗ್ಯವಾಗಿರುವಾಗಲೇ ಮುಂದಿನದನ್ನು ತಿಳಿಯಲು ಮಾಡಿಸುವ ಪರೀಕ್ಷೆಗಳ ವಿಚಾರ. ನನ್ನ ನಿಲುವನ್ನೂ ಆರಂಭದಲ್ಲೇ ಹೇಳಿಬಿಡುತ್ತೇನೆ. ಇಂತಹ ತಿಳಿವಳಿಕೆ ತಾನಾಗಿಯೇ ಸುಖವನ್ನೂ ತರುವುದಿಲ್ಲ, ವಿವೇಕವನ್ನೂ ತರುವುದಿಲ್ಲ; ಅದನ್ನು ಆಧರಿಸಿ ಮಾಡಬಹುದಾದ ಕೆಲಸ ಯಾವುದು, ಅದನ್ನು ಮಾಡಲು ನಾವು ಸಿದ್ಧರಿದ್ದೇವೆಯೇ ಎಂಬುದರ ಮೇಲೆ ಬಹುಪಾಲು ಎಲ್ಲವೂ ನಿಂತಿದೆ. ಹಾಗಾಗಿ ಹೆಚ್ಚು ವಿವೇಚನೆ ಬೇಕಾಗಿರುವುದು ರಿಪೋರ್ಟು ಕೈಗೆ ಬಂದ ಮೇಲಲ್ಲ, ರಕ್ತ ಕೊಡುವುದಕ್ಕೆ ಮುಂಚೆ.

ಭಯವನ್ನು ಸರಿಯಾಗಿ ಅಳೆದುಕೊಳ್ಳಿ

ಕೆಟ್ಟ ಸುದ್ದಿ ತಿಳಿದರೆ ಉಳಿದ ಬದುಕೆಲ್ಲ ಕಹಿಯಾಗುತ್ತದೆ ಎಂಬ ಭಯ ಸಹಜವಾದದ್ದು. ಆದರೆ ಆ ಭಯ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅತ್ಯಂತ ಕಠಿಣವಾದ ಒಂದು ಕಾಯಿಲೆಯ ಉದಾಹರಣೆಯಿಂದಲೇ ಪರೀಕ್ಷಿಸಿ ನೋಡಬಹುದು. ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆ ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನ ನಡುವೆ ಕಾಣಿಸಿಕೊಂಡು, ಕೈಕಾಲುಗಳ ಹತೋಟಿಯನ್ನು, ಆಲೋಚನೆಯನ್ನು, ಸ್ವಭಾವವನ್ನೂ ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಕಸಿದುಕೊಳ್ಳುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಶೇ. 50. ಇದನ್ನು ಗುಣಪಡಿಸುವ ಔಷಧಿ ಇಲ್ಲ.

ಈ ಕಾಯಿಲೆಯ ವಂಶವಾಹಿಯನ್ನು ಹುಡುಕುವ ಕೆಲಸದಲ್ಲಿ ಮುಂದಾಳಾಗಿದ್ದವರು ಮನೋವಿಜ್ಞಾನಿ ನ್ಯಾನ್ಸಿ ವೆಕ್ಸ್ಲರ್. ಅವರ ತಾಯಿಗೆ ಇದೇ ಕಾಯಿಲೆ ಇದೆಯೆಂದು 1968ರಲ್ಲಿ ತಿಳಿದುಬಂದಿತ್ತು. ವೆನೆಜುವೆಲಾದ ಮಾರಕೈಬೊ ಸರೋವರದ ದಡದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಈ ಕಾಯಿಲೆಯಿಂದ ನರಳುತ್ತಿದ್ದ ದೊಡ್ಡ ಕುಟುಂಬಗಳ ನಡುವೆ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿತು. 1983ರಲ್ಲಿ ವಂಶವಾಹಿ ಇರುವ ಜಾಗದ ಸುಳಿವು ಸಿಕ್ಕಿತು. 1993ರಲ್ಲಿ ವಂಶವಾಹಿಯೇ ಸಿಕ್ಕಿತು. ಪರೀಕ್ಷೆ ಇನ್ನೂ ಇಲ್ಲದಿದ್ದಾಗ, ಬಂದರೆ ಮಾಡಿಸಿಕೊಳ್ಳುತ್ತೇವೆ ಎಂದು ಅಪಾಯದಲ್ಲಿದ್ದವರಲ್ಲಿ ಹೆಚ್ಚಿನವರು ಹೇಳಿದ್ದರು. ಪರೀಕ್ಷೆ ನಿಜವಾಗಿ ಬಂದಾಗ ಮುಂದೆ ಬಂದವರು ಅವರಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ. ವೆಕ್ಸ್ಲರ್ ತಾವು ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ ಎಂಬುದನ್ನು ದಶಕಗಳ ಕಾಲ ಹೇಳಲಿಲ್ಲ. ತಮಗೂ ಕಾಯಿಲೆ ಬಂದಿದೆಯೆಂದು 2020ರಲ್ಲಿ ಬಹಿರಂಗವಾಗಿ ತಿಳಿಸಿದರು. ಇಡೀ ಬದುಕನ್ನು ಈ ತಿಳಿವಳಿಕೆಗಾಗಿ ಸವೆಸಿದ ವ್ಯಕ್ತಿಯೂ ತನ್ನ ವಿಷಯಕ್ಕೆ ಬಂದಾಗ ಮೌನವನ್ನು ಆರಿಸಿಕೊಂಡದ್ದು ಹೇಡಿತನವಲ್ಲ ಎಂಬುದನ್ನು ನಾವು ಗೌರವದಿಂದ ಒಪ್ಪಿಕೊಳ್ಳಬೇಕು.

ಹಾಗಾದರೆ ಪರೀಕ್ಷೆ ಮಾಡಿಸಿಕೊಂಡವರ ಗತಿ ಏನಾಯಿತು? ಕೆನಡಾದಲ್ಲಿ ಇಂಥವರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಅಪಾಯ ಕಡಿಮೆಯೆಂದು ತಿಳಿದವರ ಮನಃಸ್ಥಿತಿ ಸುಧಾರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಪಾಯ ಹೆಚ್ಚೆಂದು ತಿಳಿದವರೂ ವರ್ಷದ ಕೊನೆಯಲ್ಲಿ, ಏನೂ ತಿಳಿಯದೆ ಉಳಿದವರಿಗಿಂತ ಕಡಿಮೆ ಖಿನ್ನತೆಯಲ್ಲಿದ್ದರು. ಮನಸ್ಸನ್ನು ಹೆಚ್ಚು ಸುಸ್ತುಮಾಡುವುದು ಅನೇಕ ವೇಳೆ ಕೆಟ್ಟ ಸುದ್ದಿಯಲ್ಲ, ಇತ್ಯರ್ಥವಾಗದ ಅನುಮಾನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೈಗೆ ಸಣ್ಣ ವಿದ್ಯುತ್ ಆಘಾತ ಖಂಡಿತ ತಗಲುತ್ತದೆಂದು ಗೊತ್ತಿದ್ದವರಿಗಿಂತ, ತಗಲಲೂಬಹುದು ತಗಲದಿರಲೂಬಹುದು ಎಂಬ ಸ್ಥಿತಿಯಲ್ಲಿದ್ದವರೇ ಹೆಚ್ಚು ಒತ್ತಡ ಅನುಭವಿಸಿದರು. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ಮಲ ಸೇರುವ ಚೀಲ ಹಾಕಿಸಿಕೊಂಡ ರೋಗಿಗಳನ್ನು ಕುರಿತು ಅಮೆರಿಕದ ಮಿಶಿಗನ್‌ನಲ್ಲಿ ನಡೆದ ಅಧ್ಯಯನವೂ ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತದೆ: ಚೀಲ ಜೀವನಪರ್ಯಂತ ಎಂದು ತಿಳಿದವರು ತಿಂಗಳುಗಳು ಕಳೆದಂತೆ ಅದಕ್ಕೆ ಒಗ್ಗಿಕೊಂಡು ಹೆಚ್ಚು ನೆಮ್ಮದಿ ಕಂಡರು, ಮುಂದೆ ತೆಗೆಯಬಹುದು ಎಂಬ ನಿರೀಕ್ಷೆಯಲ್ಲಿದ್ದವರು ಹಾಗೆ ಒಗ್ಗಿಕೊಳ್ಳಲಿಲ್ಲ.

ಇಷ್ಟನ್ನು ಓದಿ, ಎಲ್ಲವನ್ನೂ ತಿಳಿದುಕೊಳ್ಳುವುದೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಓಡಬಾರದು. ಕೆನಡಾದ ಅದೇ ಅನುಭವದಲ್ಲಿ, ಕಾಯಿಲೆ ಬರುವುದಿಲ್ಲವೆಂಬ ಒಳ್ಳೆಯ ಸುದ್ದಿ ಕೇಳಿದವರಲ್ಲೂ ಸುಮಾರು ಹತ್ತರಲ್ಲಿ ಒಬ್ಬರು ಮಾನಸಿಕವಾಗಿ ತೊಂದರೆಗೊಳಗಾದರು. ಹೇಗೂ ಕಾಯಿಲೆ ಬೀಳುತ್ತೇನೆಂದು ಮದುವೆಯನ್ನೋ ಉಳಿತಾಯವನ್ನೋ ಕೈಬಿಟ್ಟಿದ್ದವರಿಗೆ ಇದ್ದಕ್ಕಿದ್ದಂತೆ ದೀರ್ಘವಾದ ಭವಿಷ್ಯ ಎದುರಾಗುತ್ತದೆ. ಅಣ್ಣನಿಗೋ ತಂಗಿಗೋ ಬಂದದ್ದು ತನಗೆ ಬರಲಿಲ್ಲವಲ್ಲ ಎಂಬ ಅಪರಾಧಿಭಾವವೂ ಕಾಡುತ್ತದೆ. ಮೇಲಾಗಿ ಇಂತಹ ಅಧ್ಯಯನಗಳಿಗೆ ಬಂದವರು ತಾವಾಗಿಯೇ ಮುಂದೆ ಬಂದವರು, ಸಮಾಲೋಚನೆಯ ಆಸರೆ ಇದ್ದವರು. ಆನ್‌ಲೈನಿನಲ್ಲಿ ಕಿಟ್ ತರಿಸಿಕೊಂಡು ಫಲಿತಾಂಶವನ್ನು ಮೊಬೈಲಿನಲ್ಲಿ ಒಬ್ಬರೇ ನೋಡುವವರಿಗೆ ಆ ಸಮಾಧಾನ ಹಾಗೆಯೇ ದಕ್ಕುತ್ತದೆ ಎನ್ನಲಾಗದು.

ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ವಿಷಯದಲ್ಲಿ ಈ ಎರಡು ಮುಖಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಎಪಿಒಇ ಎಂಬ ವಂಶವಾಹಿಯ ‘ಇ4’ ರೂಪ ಇದ್ದವರಿಗೆ ಈ ಕಾಯಿಲೆಯ ಸಂಭವ ಹೆಚ್ಚು. ಆಲ್‌ಝೈಮರ್ ರೋಗಿಗಳ ಮಕ್ಕಳಿಗೆ ಅವರ ಎಪಿಒಇ ಫಲಿತಾಂಶವನ್ನು ಸಮಾಲೋಚನೆಯೊಂದಿಗೆ ತಿಳಿಸಿ ಒಂದು ವರ್ಷ ಗಮನಿಸಿದ ಅಮೆರಿಕದ ಅಧ್ಯಯನ, ತಿಳಿದವರ ಮತ್ತು ತಿಳಿಯದವರ ಆತಂಕ, ಖಿನ್ನತೆಗಳಲ್ಲಿ ಗಮನಾರ್ಹ ವ್ಯತ್ಯಾಸ ಇಲ್ಲವೆಂದು 2009ರಲ್ಲಿ ವರದಿ ಮಾಡಿತು. ಆದರೆ 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ, ತಮ್ಮಲ್ಲಿ ‘ಇ4’ ಇದೆಯೆಂದು ಗೊತ್ತಿದ್ದ ವೃದ್ಧರು, ಅದೇ ‘ಇ4’ ಇದ್ದೂ ಗೊತ್ತಿಲ್ಲದಿದ್ದವರಿಗಿಂತ ತಮ್ಮ ನೆನಪಿನ ಶಕ್ತಿಯನ್ನು ಕಡಿಮೆ ಅಂದಾಜಿಸಿದರು. ನೆನಪಿನ ಪರೀಕ್ಷೆಯೊಂದರಲ್ಲಿ ನಿಜವಾಗಿಯೂ ಹಿಂದೆ ಬಿದ್ದರು. ಕನ್ನಡಕವನ್ನು ಎಲ್ಲಿಟ್ಟೆ ಎಂದು ಹುಡುಕುವ ದಿನನಿತ್ಯದ ಮರೆವೂ ಅಂಥವರಿಗೆ ಕಾಯಿಲೆಯ ಮೊದಲ ಹೆಜ್ಜೆಯಂತೆ ತೋರುವುದು ಸಾಧ್ಯ.

ಆದ್ದರಿಂದ ಮೊದಲ ಕೆಲಸವಾಗಿ, ಈ ಕಾಯಿಲೆಯ ಯೋಚನೆ ಇಂದಿನ ದಿನಗಳಲ್ಲಿ ನಿಮ್ಮ ನಿದ್ದೆ, ಕೆಲಸ, ಸಂಸಾರದ ತೀರ್ಮಾನಗಳನ್ನು ಎಷ್ಟು ಆವರಿಸಿಕೊಂಡಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಪ್ರಾಮಾಣಿಕವಾಗಿ ಬರೆಯಿರಿ. ಅನುಮಾನ ಈಗಾಗಲೇ ಬದುಕನ್ನು ತಿನ್ನುತ್ತಿದ್ದರೆ, ಉತ್ತರ ಯಾವುದಾದರೂ ಸರಿ, ಪರೀಕ್ಷೆಯಿಂದ ಹಗುರವಾಗುವ ಸಾಧ್ಯತೆ ಇದೆ. ಆ ಯೋಚನೆಯೇ ನಿಮಗೆ ಬಂದಿರದೆ, ಯಾವುದೋ ಜಾಹೀರಾತನ್ನು ಅಥವಾ ರಿಯಾಯಿತಿ ದರವನ್ನು ನೋಡಿ ಹೊರಟಿದ್ದರೆ, ಇಲ್ಲದ ಅನುಮಾನವೊಂದನ್ನು ಹಣ ಕೊಟ್ಟು ಮನೆಗೆ ತಂದುಕೊಳ್ಳುವ ಸಂಭವವಿದೆ.

ಉತ್ತರ ಬರುವ ಮುನ್ನವೇ ಮುಂದಿನ ಹೆಜ್ಜೆಯನ್ನು ಬರೆದಿಡಿ

ಎರಡನೆಯ ಹಾಳೆ ಇದಕ್ಕಿಂತ ಮುಖ್ಯವಾದದ್ದು. ಅದರಲ್ಲಿ ‘ಅಪಾಯ ಇದೆ ಎಂದು ಬಂದರೆ ಏನು ಮಾಡುವೆ’, ‘ಇಲ್ಲ ಎಂದು ಬಂದರೆ ಏನು ಮಾಡುವೆ’, ‘ಖಚಿತವಿಲ್ಲ ಎಂದು ಬಂದರೆ ಏನು ಮಾಡುವೆ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮೂರಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆಯಿಂದ ನಿಮ್ಮ ಬದುಕಿನಲ್ಲಿ ಬದಲಾಗುವುದು ಏನೂ ಇಲ್ಲ. ಮರೆವಿನ ಕಾಯಿಲೆಯ ಸಂಭವ ಹೆಚ್ಚಿದ್ದರೂ ಕಡಿಮೆಯಿದ್ದರೂ ಬೆಳಗಿನ ನಡಿಗೆ, ರಕ್ತದೊತ್ತಡದ ಹತೋಟಿ, ಕಿವಿ ಮಂದವಾದರೆ ಶ್ರವಣಯಂತ್ರ, ತಂಬಾಕಿನಿಂದ ದೂರವಿರುವುದು, ಇವೇ ತಾನೇ ಮಾಡಬೇಕಾದವು? ಅವುಗಳಿಗೆ ವಂಶವಾಹಿಯ ಅಪ್ಪಣೆ ಬೇಕಾಗಿಲ್ಲ.

ಅಪಾಯ ತಿಳಿದರೆ ಜನ ಎಚ್ಚೆತ್ತು ಅಭ್ಯಾಸಗಳನ್ನು ತಿದ್ದಿಕೊಳ್ಳುತ್ತಾರೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ತಿಳಿವಳಿಕೆಯಿಂದ ವಿವೇಕ ಹುಟ್ಟುತ್ತದೆ ಎಂಬ ನಮ್ಮ ಹಳೆಯ ವಿಶ್ವಾಸದ ಹೊಸ ರೂಪ ಅದು. ಆದರೆ ಬ್ರಿಟಿಷ್ ಮೆಡಿಕಲ್ ಜರ್ನಲ್ 2016ರಲ್ಲಿ ಪ್ರಕಟಿಸಿದ, ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯ ಪ್ರಕಾರ, ಡಿಎನ್‌ಎ ಆಧಾರಿತ ಅಪಾಯವನ್ನು ತಿಳಿಸಿದ್ದರಿಂದ ಧೂಮಪಾನ, ಆಹಾರ, ವ್ಯಾಯಾಮದ ಅಭ್ಯಾಸಗಳಲ್ಲಿ ಆದ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಸಿಗರೇಟು ಬಿಡುವುದಕ್ಕೆ ಪರೀಕ್ಷೆಯ ಫಲಿತಾಂಶ ಬರಲಿ ಎಂದು ಕಾಯುತ್ತಿರುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಭ್ಯಾಸ ಬದಲಾಗುವುದು ಮನೆಯವರ ಜೊತೆ, ದಿನಚರಿಯ ಏರ್ಪಾಡು, ಅಗತ್ಯವಿದ್ದರೆ ಔಷಧಿ, ಇವುಗಳಿಂದ.

ಇದಕ್ಕೆ ತದ್ವಿರುದ್ಧವಾಗಿ, ತಿಳಿದುಕೊಳ್ಳುವುದು ಜೀವವನ್ನೇ ಉಳಿಸಬಲ್ಲ ಸಂದರ್ಭಗಳೂ ಇವೆ. ಅಲ್ಲಿ ಹಿಂಜರಿಯಬಾರದೆಂದು ನಾನು ಒತ್ತಿ ಹೇಳುತ್ತೇನೆ. ಬಿಆರ್‌ಸಿಎ1 ವಂಶವಾಹಿಯಲ್ಲಿ ಹಾನಿಕರ ದೋಷವಿರುವ ಮಹಿಳೆಗೆ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಸುಮಾರು ಶೇ. 70, ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಶೇ. 40ರ ಮೇಲೆ. ದೋಷ ಇದೆಯೆಂದು ತಿಳಿದರೆ ಚಿಕ್ಕ ವಯಸ್ಸಿನಿಂದಲೇ ಎಂಆರ್‌ಐ ಮೂಲಕ ನಿಗಾ ಇಡಬಹುದು, ಮಕ್ಕಳಾದ ಮೇಲೆ ಅಂಡಾಶಯಗಳನ್ನು ತೆಗೆಸಬಹುದು. ಹಾಲಿವುಡ್ ನಟಿ ಏಂಜಲೀನಾ ಜೋಲಿ ಈ ದೋಷದ ಕಾರಣ ಎರಡೂ ಸ್ತನಗಳನ್ನು ತೆಗೆಸಿಕೊಂಡ ತಮ್ಮ ತೀರ್ಮಾನವನ್ನು 2013ರಲ್ಲಿ ಬಹಿರಂಗವಾಗಿ ಹೇಳಿಕೊಂಡ ಮೇಲೆ ಲೋಕದಾದ್ಯಂತ ಈ ಪರೀಕ್ಷೆಯ ಬಗ್ಗೆ ವಿಚಾರಿಸುವವರು ಹೆಚ್ಚಾದರು. ಹುಟ್ಟಿನಿಂದಲೇ ಕೊಲೆಸ್ಟರಾಲ್ ಬಹಳ ಹೆಚ್ಚಿರುವ ಆನುವಂಶಿಕ ಸ್ಥಿತಿಯೂ ಹೀಗೆಯೇ. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರ ಒಡಹುಟ್ಟಿದವರು ಮತ್ತು ಮಕ್ಕಳು ಕೊಲೆಸ್ಟರಾಲ್ ನೋಡಿಸಿಕೊಂಡರೆ, ಸ್ಟ್ಯಾಟಿನ್ ಎಂಬ ಅಗ್ಗದ ಮಾತ್ರೆಯಿಂದ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು.

ಇನ್ನು ವಂಶವಾಹಿಯ ಗೊಡವೆಯೇ ಇಲ್ಲದ ಸರಳ ಪರೀಕ್ಷೆಗಳನ್ನಂತೂ ಯಾರೂ ಬಿಡಬಾರದು. 30 ವರ್ಷ ದಾಟಿದವರೆಲ್ಲರಿಗೂ ರಕ್ತದೊತ್ತಡ, ಮಧುಮೇಹ, ಬಾಯಿಯ ಕ್ಯಾನ್ಸರ್, ಮಹಿಳೆಯರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕೆಂಬುದು ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ನಿಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಬಹುದು. ಸಾವಿರಾರು ರೂಪಾಯಿಯ ಪ್ಯಾಕೇಜಿಗಿಂತ ಈ ಐದರ ತಿಳಿವಳಿಕೆ ಹೆಚ್ಚು ಬೆಲೆಬಾಳುತ್ತದೆ, ಏಕೆಂದರೆ ಐದರಲ್ಲಿ ಪ್ರತಿಯೊಂದಕ್ಕೂ ಮುಂದೇನು ಮಾಡಬೇಕೆಂಬುದು ವೈದ್ಯರಿಗೆ ಗೊತ್ತಿದೆ. ಚಿಕಿತ್ಸೆ ಇರುವ, ಬೆಳೆಯುವ ರೀತಿ ಅರ್ಥವಾಗಿರುವ ಕಾಯಿಲೆಗಳಿಗೆ ಮಾತ್ರ ಸಾಮೂಹಿಕ ತಪಾಸಣೆ ನಡೆಸಬೇಕೆಂಬ ತತ್ತ್ವವನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಷ್ಟು ಹಿಂದೆಯೇ ಪ್ರಕಟಿಸಿತ್ತು.

ಅಂಕಿಗಳನ್ನು ಬಿಡಿಸಿ ಓದಿ

ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ ಒಂದು ಸಂಖ್ಯೆಗೆ ಜನ ಎಷ್ಟು ಕಂಗಾಲಾಗುತ್ತಾರೆಂಬುದನ್ನು ನಾವೆಲ್ಲ ಬಲ್ಲೆವು. ಪ್ರಯೋಗಾಲಯಗಳು ‘ಸಾಮಾನ್ಯ ಮಿತಿ’ ಎಂದು ಕೊಡುವುದು ಬಹುಮಟ್ಟಿಗೆ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಪಡುವ ವ್ಯಾಪ್ತಿ. ಅಂದರೆ ಪೂರ್ಣ ಆರೋಗ್ಯವಂತರಲ್ಲೂ ನೂರಕ್ಕೆ ಐವರ ಫಲಿತಾಂಶ ಅದರ ಆಚೆ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಮಾಡಿದರೆ ಅವುಗಳಲ್ಲಿ ಒಂದಾದರೂ ಮಿತಿ ಮೀರಿ ಬರುವ ಸಂಭವ ಶೇ. 64. ಅರವತ್ತು ಎಪ್ಪತ್ತು ಅಂಶಗಳ ಪ್ಯಾಕೇಜು ಮಾಡಿಸಿಕೊಂಡವರ ರಿಪೋರ್ಟಿನಲ್ಲಿ ಎಲ್ಲವೂ ಸರಿಯಿದ್ದರೆ ಅದೇ ಅಪರೂಪ.

ಇನ್ನೊಂದು ಲೆಕ್ಕವನ್ನೂ ಕೈಯಾರೆ ಮಾಡಿ ನೋಡಿ. ಸಾವಿರ ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆಯೆಂದುಕೊಳ್ಳಿ. ಪರೀಕ್ಷೆ ಕಾಯಿಲೆ ಇದ್ದ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ ಒಂಬತ್ತು ಮಂದಿಗೆ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಆಗ ನಿಜವಾದ ಪಾಸಿಟಿವ್ 9, ಕಾಯಿಲೆಯಿಲ್ಲದ 990 ಮಂದಿಯಲ್ಲಿ ಸುಳ್ಳು ಪಾಸಿಟಿವ್ ಸುಮಾರು 89. ಪಾಸಿಟಿವ್ ಎಂಬ ಕಾಗದ ಹಿಡಿದು ಮನೆಗೆ ಹೋದ 98 ಮಂದಿಯಲ್ಲಿ ಕಾಯಿಲೆ ಇರುವವರು ಒಂಬತ್ತೇ ಮಂದಿ. ಹಾಗಾಗಿ ಪರೀಕ್ಷೆ ಎಷ್ಟು ನಿಖರ ಎಂದು ಕೇಳುವುದರ ಜೊತೆಗೆ, ‘ನನ್ನ ವಯಸ್ಸಿನ, ನನ್ನಂಥ ನೂರು ಜನರಿಗೆ ಪಾಸಿಟಿವ್ ಬಂದರೆ ಅವರಲ್ಲಿ ಎಷ್ಟು ಮಂದಿಗೆ ಕಾಯಿಲೆ ನಿಜವಾಗಿ ಇರುತ್ತದೆ’ ಎಂದು ವೈದ್ಯರನ್ನು ಕೇಳಿ. ಅಪಾಯ ಎರಡು ಪಟ್ಟು ಎಂದು ಯಾರಾದರೂ ಹೇಳಿದರೆ, ಯಾವುದರ ಎರಡು ಪಟ್ಟು ಎಂದು ತಿಳಿದುಕೊಳ್ಳಿ. ಸಾವಿರದಲ್ಲಿ ಒಂದು ಎರಡಾಗುವುದಕ್ಕೂ ನೂರರಲ್ಲಿ ಇಪ್ಪತ್ತು ನಲವತ್ತಾಗುವುದಕ್ಕೂ ಅಜಗಜಾಂತರ.

ಕಾಯಿಲೆ ನಿಜವಾಗಿ ಇದ್ದೂ ಅದನ್ನು ತಿಳಿಯುವುದರಿಂದ ಕೇಡಾಗಬಹುದೇ ಎಂದು ಕೇಳುವವರು ದಕ್ಷಿಣ ಕೊರಿಯಾದ ಅನುಭವವನ್ನು ನೋಡಬೇಕು. ಆ ದೇಶ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಕ್ಯಾನ್ಸರ್ ಅದರಲ್ಲಿ ಇರಲಿಲ್ಲ. ಆದರೆ ತಪಾಸಣೆಗೆ ಬಂದವರಿಗೆ ಸ್ವಲ್ಪ ಹೆಚ್ಚು ಹಣಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಸ್ಕ್ಯಾನನ್ನೂ ಮಾಡಿಕೊಡುವ ರೂಢಿ ಬೆಳೆಯಿತು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲೇ ಇಲ್ಲ. ಎಂದೂ ತೊಂದರೆ ಕೊಡದೆ ಒಳಗೇ ಉಳಿದುಬಿಡುತ್ತಿದ್ದ ಪುಟ್ಟ ಗಂಟುಗಳು ಸ್ಕ್ಯಾನಿನ ಕಣ್ಣಿಗೆ ಬಿದ್ದಿದ್ದವು ಅಷ್ಟೆ. ಪತ್ತೆಯಾದವರಲ್ಲಿ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಅನೇಕರು ಜೀವಮಾನವಿಡೀ ಹಾರ್ಮೋನ್ ಮಾತ್ರೆ ನುಂಗುವವರಾದರು. ಕೆಲವರ ದೇಹದ ಕ್ಯಾಲ್ಸಿಯಂ ಹದ ತಪ್ಪಿತು, ಕೆಲವರ ಧ್ವನಿತಂತು ಸ್ವಾಧೀನ ಕಳೆದುಕೊಂಡಿತು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಈ ಸ್ಕ್ಯಾನ್ ಬೇಡವೆಂದು ಬಹಿರಂಗವಾಗಿ ಹೇಳಿದ ಮೇಲೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತು. ಪ್ಯಾಕೇಜಿನಲ್ಲಿ ಉಚಿತವಾಗಿ ಸೇರಿಸಿ ಕೊಡುವ ಸ್ಕ್ಯಾನನ್ನು ಬೇಡವೆನ್ನುವುದಕ್ಕೆ ಸಂಕೋಚಪಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ನನಗೆ ಗೊತ್ತಿಲ್ಲ.

ಈ ತಿಳಿವಳಿಕೆ ನಿಮ್ಮೊಬ್ಬರದಲ್ಲ

ನಿಮ್ಮ ವಂಶವಾಹಿಗಳ ಸುದ್ದಿ ನಿಮ್ಮ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳ ಸುದ್ದಿಯೂ ಹೌದು. ಅಜ್ಜನಿಗೆ ಹಂಟಿಂಗ್ಟನ್ ಕಾಯಿಲೆ ಇತ್ತು, ಅಪ್ಪ ಪರೀಕ್ಷೆ ಬೇಡವೆಂದು ನಿಶ್ಚಯಿಸಿದ್ದಾರೆ ಎಂದಿಟ್ಟುಕೊಳ್ಳಿ. ಮಗ ಮಾಡಿಸಿಕೊಂಡು ಪಾಸಿಟಿವ್ ಬಂದರೆ ಅಪ್ಪನಿಗೂ ಅದು ಇದೆಯೆಂದು ಆ ಕ್ಷಣವೇ ಖಚಿತವಾಗುತ್ತದೆ. ಅವರು ಬಯಸದ ಉತ್ತರವನ್ನು ಮಗ ಅವರ ಕೈಗಿಟ್ಟಂತಾಗುತ್ತದೆ. ಅಂತಹ ಸಂದರ್ಭದಲ್ಲಿ ಪರೀಕ್ಷೆಗೆ ಮುಂಚೆ ಅಪ್ಪನೊಡನೆ ಕುಳಿತು ಮಾತನಾಡಲೇಬೇಕು. ದೊಡ್ಡವರಾದ ಮೇಲೆ ಬರುವ, ಬಾಲ್ಯದಲ್ಲಿ ಮಾಡಬಹುದಾದದ್ದು ಏನೂ ಇಲ್ಲದ ಕಾಯಿಲೆಗಳಿಗೆ ಮಕ್ಕಳನ್ನು ಪರೀಕ್ಷಿಸಬಾರದೆಂಬುದು ತಳಿವಿಜ್ಞಾನದ ವೈದ್ಯರು ವ್ಯಾಪಕವಾಗಿ ಒಪ್ಪಿರುವ ನಿಯಮ. 18 ತುಂಬಿದ ಮೇಲೆ ಆ ತೀರ್ಮಾನ ಅವರದೇ.

ನಮ್ಮ ನಾಡಿನಲ್ಲಿ ಈ ಮಾತು ಮದುವೆಯ ವಿಷಯಕ್ಕೆ ವಿಶೇಷವಾಗಿ ಸಲ್ಲುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವ ರೂಢಿ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಇಂದಿಗೂ ಇದೆ. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ನಾಲ್ಕನೇ ಒಂದು ಭಾಗದಷ್ಟು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳು ಎಂಟನೇ ಒಂದು ಭಾಗದಷ್ಟು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಹೀಗಾಗಿ ಒಂದೇ ಅಡಗಿದ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚುತ್ತದೆ. ಥಲಸ್ಸೇಮಿಯಾ, ಕುಡುಗೋಲು ಕಣ ರಕ್ತಹೀನತೆಯಂತಹ (ಸಿಕಲ್ ಸೆಲ್) ರಕ್ತದ ಕಾಯಿಲೆಗಳಲ್ಲಿ ವಾಹಕರಾದವರು, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದವರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ಇದನ್ನು ತಿಳಿಯಲು ಸಾಮಾನ್ಯ ರಕ್ತ ಪರೀಕ್ಷೆಯೊಂದು ಸಾಕು. ಕುಡುಗೋಲು ಕಣ ರಕ್ತಹೀನತೆಯನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರಲ್ಲಿ ಆರಂಭವಾಗಿದ್ದು, ಆದಿವಾಸಿ ಸಮುದಾಯಗಳಲ್ಲಿ ಈ ಪರೀಕ್ಷೆಯನ್ನು ನಡೆಸಲಾಗುತ್ತಿದೆ. ವಾಹಕರೆಂದು ತಿಳಿದ ಹುಡುಗಿಯ ಸಂಬಂಧವನ್ನು ಮುರಿಯುವ, ಅದೇ ಫಲಿತಾಂಶ ಬಂದ ಹುಡುಗನ ವಿಷಯವನ್ನು ಮುಚ್ಚಿಡುವ ನಡವಳಿಕೆ ಎಲ್ಲಿ ಕಂಡರೂ ಅದನ್ನು ಮನೆಯ ಹಿರಿಯರು ಎದುರಿಸಿ ನಿಲ್ಲಬೇಕು. ಆದ್ದರಿಂದ ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳುವುದು, ಫಲಿತಾಂಶವನ್ನು ಮೊದಲು ಅವರಿಬ್ಬರೇ ಕೇಳುವುದು ಒಳ್ಳೆಯ ಕ್ರಮ.

ಒಂದು ತಿಳಿವಳಿಕೆ ಸಮಾಜದಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ನೋಡಿಯೇ ಅದು ಬೇಡವೆಂದು ತೀರ್ಮಾನಿಸಿದ ಉದಾಹರಣೆ ನಮ್ಮ ಕಾನೂನಿನಲ್ಲೇ ಇದೆ. ಹುಟ್ಟಲಿರುವ ಮಗು ಹೆಣ್ಣೋ ಗಂಡೋ ಎಂದು ಹೇಳುವುದನ್ನು 1994ರ ಕಾಯ್ದೆ ಅಪರಾಧವೆಂದು ಸಾರಿತು. ಸ್ಕ್ಯಾನಿನಲ್ಲಿ ಕಾಣುವುದನ್ನೂ ಹೇಳದಿರುವುದೇ ಅಲ್ಲಿ ಸರಿಯಾದದ್ದು, ಏಕೆಂದರೆ ಆ ಮಾಹಿತಿ ಹೆಣ್ಣುಮಕ್ಕಳ ಜೀವಕ್ಕೇ ಮುಳುವಾಗಿತ್ತು.

ವಿಮೆಯ ವಿಷಯವನ್ನೂ ಪರೀಕ್ಷೆಗೆ ಮುಂಚೆಯೇ ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದದ್ದೆಂದರೆ, ಅಲ್ಲಿನ 2008ರ ಕಾನೂನು ಆರೋಗ್ಯ ವಿಮೆಯಲ್ಲಿ ಮತ್ತು ಉದ್ಯೋಗದಲ್ಲಿ ತಳಿ ಮಾಹಿತಿಯ ಆಧಾರದ ತಾರತಮ್ಯವನ್ನು ತಡೆಯುತ್ತದೆ. ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ. ಭಾರತದಲ್ಲಿ ಇರುವವರು ಪಾಲಿಸಿಯ ಅರ್ಜಿಯಲ್ಲಿ ಏನೇನು ಕೇಳಿದ್ದಾರೆಂಬುದನ್ನು ಓದಿಕೊಂಡೇ ಮುಂದುವರಿಯುವುದು ಕ್ಷೇಮ.

ಬೇಡ ಎನ್ನುವುದೂ ಒಂದು ತೀರ್ಮಾನ

ತನ್ನ ತಳಿ ಪರೀಕ್ಷೆಯ ಫಲಿತಾಂಶವನ್ನು ತಿಳಿಯುವುದೋ ಬಿಡುವುದೋ ಎಂಬುದನ್ನು ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆಯೆಂದು ಯುನೆಸ್ಕೊ 1997ರ ತನ್ನ ಘೋಷಣೆಯಲ್ಲಿ ಮಾನ್ಯಮಾಡಿತು. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮನ್ನು, ಅಂದರೆ ವಂಶವಾಹಿಗಳ ಪೂರ್ಣ ಮಾಹಿತಿಯನ್ನು, 2007ರಲ್ಲಿ ಲೋಕಕ್ಕೆ ತೆರೆದಿಟ್ಟಾಗಲೂ, ಎಪಿಒಇ ಭಾಗವೊಂದನ್ನು ಮಾತ್ರ ತಮಗೂ ತಿಳಿಸಬಾರದೆಂದು ಕೇಳಿಕೊಂಡಿದ್ದರು. ಅವರ ಅಜ್ಜಿ ಆಲ್‌ಝೈಮರ್‌ನಿಂದ ತೀರಿಕೊಂಡಿದ್ದರು. ಬೇಡವೆಂದು ಈಗ ತೀರ್ಮಾನಿಸಿದವರು ಮುಂದೆ ಬೇಕೆನ್ನಬಹುದು. ಒಮ್ಮೆ ತಿಳಿದದ್ದನ್ನು ಮಾತ್ರ ತಿಳಿಯದಂತೆ ಮಾಡಲಾಗದು. ತೀರ್ಮಾನ ತೂಗುಯ್ಯಾಲೆಯಲ್ಲಿದ್ದರೆ ಈ ಒಂದು ಕಾರಣಕ್ಕಾಗಿ ಕಾಯುವುದೇ ಮೇಲು, ಆದರೆ ಕಾಯುವುದರಿಂದ ಚಿಕಿತ್ಸೆ ಕೈತಪ್ಪುವಂತಿರಬಾರದು.

ಸಮಾಲೋಚನೆ, ಫಲಿತಾಂಶದ ದಿನ, ಆಮೇಲಿನ ದಿನಗಳು

ಬೇಕು ಎಂದು ತೀರ್ಮಾನಿಸಿದವರು ನೇರವಾಗಿ ಲ್ಯಾಬಿಗೆ ಹೋಗದೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ (ತಳಿ ಪರೀಕ್ಷೆಯ ಕುರಿತ ಸಮಾಲೋಚನೆಗೆ) ಹೋಗಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ, ನರಸಂಬಂಧಿ ಕಾಯಿಲೆಗಳಾದರೆ ನಿಮ್ಹಾನ್ಸ್‌ನಲ್ಲಿ, ದೊಡ್ಡ ಬೋಧನಾ ಆಸ್ಪತ್ರೆಗಳ ತಳಿವಿಜ್ಞಾನ ವಿಭಾಗಗಳಲ್ಲಿ ಇದನ್ನು ವಿಚಾರಿಸಬಹುದು. ಹೋಗುವಾಗ ಮೂರು ತಲೆಮಾರಿನ ವಿವರವನ್ನು ಬರೆದುಕೊಂಡು ಹೋಗಿ: ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತು, ಯಾವುದರಿಂದ ತೀರಿಕೊಂಡರು, ಯಾರ್ಯಾರದು ಸಂಬಂಧದ ಮದುವೆ. ಮನೆಯ ಹಿರಿಯರನ್ನು ಕೇಳಿದರೆ ಇವೆಲ್ಲ ಸಿಗುತ್ತವೆ. ಸಾಧ್ಯವಿದ್ದರೆ ಪರೀಕ್ಷೆಯನ್ನು ಮೊದಲು ಮಾಡಬೇಕಾದದ್ದು ಕುಟುಂಬದಲ್ಲಿ ಕಾಯಿಲೆ ಬಂದಿರುವವರಿಗೆ. ಅವರಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾದರೆ ಮಾತ್ರ ಉಳಿದವರಿಗೆ ‘ಇಲ್ಲ’ ಎಂದು ಬಂದ ಉತ್ತರವನ್ನು ನಂಬಬಹುದು.

ರಿಪೋರ್ಟನ್ನು ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ಕಳುಹಿಸಬಾರದು, ಎದುರಿಗೆ ಕೂರಿಸಿಕೊಂಡು ವಿವರಿಸಬೇಕು ಎಂದು ಮುಂಚೆಯೇ ಕೇಳಿಕೊಳ್ಳಿ. ಮಗಳ ಮದುವೆ, ಮಕ್ಕಳ ಶಾಲಾ ಕಾಲೇಜು ಪರೀಕ್ಷೆಗಳು, ಮನೆಯಲ್ಲಿ ಸಾವು, ಕೆಲಸದ ಬದಲಾವಣೆ ಇರುವ ತಿಂಗಳುಗಳಲ್ಲಿ ಫಲಿತಾಂಶ ತೆಗೆದುಕೊಳ್ಳಬೇಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆದರೆ ಅದೇ ಅಪಾಯವನ್ನು ತಾವೂ ಹೊತ್ತಿರುವ ಒಡಹುಟ್ಟಿದವರಿಗಿಂತ ಸಂಗಾತಿಯೋ ಸ್ನೇಹಿತರೋ ಆದರೆ ಒಳ್ಳೆಯದು, ಅವರಿಗೆ ನಿಮ್ಮ ಕಡೆ ಗಮನ ಕೊಡುವ ಬಿಡುವು ಇರುತ್ತದೆ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾದರೆ ಲಕೋಟೆ ತೆರೆಯದೆ ಹಿಂತಿರುಗುವ ಸ್ವಾತಂತ್ರ್ಯ ನಿಮಗಿದೆ. ಹಂಟಿಂಗ್ಟನ್ ಪರೀಕ್ಷೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಟ್ಟಿದೆ.

‘ಅರ್ಥ ಖಚಿತವಾಗದ ವ್ಯತ್ಯಾಸ’ ಎಂಬ ಉತ್ತರ ಬರುವುದು ಭಾರತೀಯರಲ್ಲಿ ಅಪರೂಪವಲ್ಲ, ಏಕೆಂದರೆ ಜಗತ್ತಿನ ತಳಿ ಮಾಹಿತಿ ಸಂಗ್ರಹಗಳಲ್ಲಿ ಯುರೋಪ್ ಮೂಲದವರ ಪಾಲೇ ಹೆಚ್ಚು. ಅಂತಹ ಉತ್ತರವನ್ನು ನೆಚ್ಚಿ ಯಾವ ಶಸ್ತ್ರಚಿಕಿತ್ಸೆಗೂ ಒಪ್ಪಬೇಡಿ. ರಿಪೋರ್ಟನ್ನು ಜೋಪಾನವಾಗಿಟ್ಟು ಎರಡು ಮೂರು ವರ್ಷಗಳಿಗೊಮ್ಮೆ ಅದೇ ಕೇಂದ್ರದಲ್ಲಿ ವಿಚಾರಿಸುತ್ತಿರಿ. ಮಾಹಿತಿ ಬೆಳೆದಂತೆ ಇಂಥವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದು ಬದಲಾಗುತ್ತವೆ.

ಅಪಾಯ ಖಚಿತವಾದವರಿಗೆ ಮೊದಲ ಕೆಲವು ವಾರಗಳು ಕಷ್ಟದವೇ. ಆ ಅವಧಿಯಲ್ಲಿ ನೌಕರಿ ಬಿಡುವ, ಆಸ್ತಿ ಮಾರುವ, ಸಂಬಂಧ ಕಡಿದುಕೊಳ್ಳುವಂತಹ ದೊಡ್ಡ ತೀರ್ಮಾನಗಳನ್ನು ತೆಗೆದುಕೊಳ್ಳಬೇಡಿ. ಮುಂಚೆ ಬರೆದಿಟ್ಟ ಎರಡನೆಯ ಹಾಳೆಯನ್ನು ತೆಗೆದು, ಅದರಲ್ಲಿರುವ ಮೊದಲ ವೈದ್ಯಕೀಯ ಹೆಜ್ಜೆಯನ್ನಷ್ಟೇ ಇಡಿ. ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಒಡಹುಟ್ಟಿದವರಿಗೆ ತಿಳಿಸುವ ಹೊತ್ತು ಬಂದಾಗ ಫಲಿತಾಂಶವನ್ನೇ ಅವರ ಮುಂದಿಡಬೇಡಿ. ‘ನಾನು ಒಂದು ಪರೀಕ್ಷೆ ಮಾಡಿಸಿಕೊಂಡಿದ್ದೇನೆ, ಅದು ನಿಮಗೂ ಸಂಬಂಧಪಟ್ಟದ್ದು, ಕೇಳಲು ಇಷ್ಟವಿದೆಯೇ’ ಎಂದಷ್ಟೇ ಹೇಳಿ, ಯೋಚಿಸಲು ಸಮಯ ಕೊಡಿ. ಚಿಕಿತ್ಸೆ ಇರುವ ಕಾಯಿಲೆಯಾದರೆ ಆ ವಿಷಯವನ್ನು ಮೊದಲ ಮಾತಿನಲ್ಲೇ ಸೇರಿಸಿ, ಕೌನ್ಸೆಲರ್ ಬರೆದುಕೊಟ್ಟ ಪತ್ರದ ಪ್ರತಿಯನ್ನು ಅವರಿಗೆ ತಲುಪಿಸಿ.